ದೇವರ ಕೋಣೆ ಬಾಗಿಲ ಬೆಕ್ಕಿನ ಹೆಜ್ಜೆ

ನ್ಯಾಮತಿ, ಗುರುವಾರ

ನಮ್ಮನೆಯವರಿಗೆ ನೇತ್ರಾವತಿಯ ನಮಸ್ಕಾರ.

ಫೋನಿನಲ್ಲಿ ಹೇಳಿದರೆ 'ಮಷಿನ್ ಸದ್ದು ಐತೆ, ಆಮೇಲೆ ಮಾತಾಡ್ತೀನಿ' ಅಂತೀರಿ. ಅದಕ್ಕೇ ಬರೆದು, ನಿಮಗೆ ಕಳಿಸುವ ಬಟ್ಟೆ ಚೀಲದಲ್ಲಿ ಇಟ್ಟಿದ್ದೇನೆ. ಚನ್ನಗಿರಿ ಹೋಟೆಲಿನ ನೆಲದ ಪಾಲಿಶ್ ಕೆಲಸ ಮುಗಿಯುವವರೆಗೆ ಈ ಅಂಗಿಗಳು ಸಾಕಾಗಬಹುದು.

ಹೊನ್ನಾಳಿಯ ಸುಜಾತಾ ಅವರ ಗೃಹಪ್ರವೇಶಕ್ಕೆ ಹೋಗಿ ಬಂದೆ. ನನಗಿಂತ ಮೊದಲು ನೀವು ನೋಡಿ ಒಪ್ಪಿದ್ದ ಹೆಣ್ಣು ಅವರೇ ಎಂದು ಯಾರೂ ನೆನಪಿಸಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಊಟ ಚೆನ್ನಾಗಿತ್ತು. ನೀವು ಪಾಲಿಶ್ ಮಾಡಿದ ಕಾಂಕ್ರೀಟ್ ನೆಲ ಇನ್ನೂ ಚೆನ್ನಾಗಿತ್ತು, ಬಗ್ಗಿದರೆ ನನ್ನ ಮೂಗುತಿ ಕಾಣುತ್ತಿತ್ತು. ಆಮೇಲೆ ಮಾಡ್ತೀನಿ ಎಂದು ನೀವು ಬಿಟ್ಟ ನಮ್ಮ ಅಡುಗೆಮನೆಯ ನೆಲ ಒರೆಸಿದರೆ ಬಟ್ಟೆಯೇ ಹರಿಯುತ್ತದೆ.

ಅವರ ದೇವರ ಕೋಣೆಯ ಬಾಗಿಲಲ್ಲಿ, ನೆಲದ ಮೇಲೆ ಬೆಕ್ಕಿನ ಹೆಜ್ಜೆ ಮೂಡಿತ್ತು. ಸುಜಾತಾ ನಗುತ್ತಾ ಹೇಳಿದರು: "ಹಸಿ ಇದ್ದಾಗ ನಮ್ಮ ಬೆಕ್ಕು ಓಡಾಡಿತ್ತು ಕಣ್ರೀ. ಇರಲಿ ಬಿಡ್ರಿ ಅಂದೆ. ಪಾಪ, ನಿಮ್ಮನೆಯವರು ಅದರ ಮೇಲೆ ಮಷಿನ್ ಬಿಡದೆ ಸುತ್ತ ಕೈಯಾಗೇ ಉಜ್ಜಿ ಉಳಿಸಿಕೊಟ್ರು."

ಮದುವೆಯಾಗಿ ಬಂದ ಹೊಸದರಲ್ಲಿ ನಾನು ನಮ್ಮ ಅಡುಗೆಮನೆಯ ಹಸಿ ಸಿಮೆಂಟನ್ನು ತಿಳಿಯದೆ ಮೆಟ್ಟಿದ್ದೆ. 'ಕಣ್ಣು ಕಾಣಲ್ವಾ' ಎಂದು ಬೈದು, ನಾನು ಕಾಲು ತೊಳೆದು ಬರುವಷ್ಟರಲ್ಲಿ ಕರಣೆ ಎಳೆದು ಸಮ ಮಾಡಿಬಿಟ್ಟಿದ್ದಿರಿ.

ಭಾನುವಾರ ಬರುವಾಗ ಮಷಿನ್ ತನ್ನಿ. ಅಡುಗೆಮನೆಯ ನೆಲ ಅಗೆದು ಹೊಸದಾಗಿ ಹಾಕಿ. ಹಸಿ ಇರುವಾಗಲೇ ನನ್ನನ್ನು ಕರೆಯಿರಿ. ಈ ಸಲ ತಿಳಿದೇ ಮೆಟ್ಟುತ್ತೇನೆ. ನೀವು ಕರಣೆ ಮುಟ್ಟಬೇಡಿ.

ನೇತ್ರಾವತಿ