ಒಂದೇ ಬೆರಳಲ್ಲಿ ಒಣಗಿದ ಮಣ್ಣು

ಬುಧವಾರ, ಜುಲೈ ೯

ಆ ಹಾಳು ಹಸಿರು ಬಣ್ಣ ಇನ್ನೂ ಕಣ್ಣಲ್ಲೇ ಕೂತಿದೆ.

ರಸ್ತೆಬದಿಯಲ್ಲಿ ಮಾಡಿರೋ ಮಳೆತೋಟಗಳು ನೀರೆಲ್ಲ ಹೀರಿಕೊಂಡರೆ ಚರಂಡಿ ಅಗಲ ಮಾಡೋದು ಬೇಡ. ಅದನ್ನ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ನೋಡೋದು ನನ್ನ ಕೆಲಸ. ತೋಟದ ಮಣ್ಣು ಮೊದಲೇ ಒದ್ದೆ ಅಂತ ಕೊಟ್ಟಿದ್ದೆ. ಮಳೆಗಾಲದಲ್ಲಿ ಇವತ್ತಿನ ಮಳೆ ಬೀಳೋದು ನಿನ್ನೆಯ ಮಳೆಯ ಮೇಲೆ ತಾನೇ? ಪರದೆಯ ನಕ್ಷೆಯಲ್ಲಿ ತಗ್ಗಿನ ಬೀದಿಯೆಲ್ಲ ಕೆಂಪಾಯ್ತು. ಅಂದರೆ ಮನೆಗಳಿಗೆ ನೀರು ನುಗ್ಗುತ್ತೆ.

ಹಿಂದೆ ನಿಂತಿದ್ದ ಮುಖ್ಯ ಇಂಜಿನಿಯರ್, “ಮಣ್ಣು ಒಣಗಿದೆ ಅಂತ ಹಾಕಮ್ಮ, ಎಲ್ಲರೂ ಹಾಗೇ ಹಾಕೋದು” ಅಂದರು. ನಾನು ಬಾಯಿ ತೆರೆಯೋದರೊಳಗೆ ತಾವೇ ಕೈ ಚಾಚಿ ಮಣ್ಣಿನ ತೇವದ ಜಾಗದಲ್ಲಿ ಸೊನ್ನೆ ಒತ್ತಿದರು. ಬೀದಿಯೆಲ್ಲ ಹಸಿರು! ಇಡೀ ಮಳೆಗಾಲವನ್ನ ಒಂದೇ ಬೆರಳಲ್ಲಿ ಒಣಗಿಸಿದ ಮಹಾನುಭಾವ. ಆಮೇಲೆ ನಾನು ವಾದಿಸಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು. ಸಂಜೆಗೆ ಸಹಿಯೂ ಬಿತ್ತು, ಚರಂಡಿ ಇದ್ದಷ್ಟೇ ಇರಲಿ ಅಂತ.

ಆ ತಗ್ಗಿನ ಬೀದಿಯಲ್ಲೇ ಅಕ್ಕನ ಮನೆ. ಪ್ರತಿ ಮಳೆಗಾಲಕ್ಕೂ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸ್ತಾಳೆ. ಈಗಷ್ಟೇ ಫೋನ್ ಮಾಡಿದ್ದಳು.

“ಮಳೆತೋಟದ ಲೆಕ್ಕ ನನ್ನ ತಂಗಿದೇ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ ಕಣೇ. ಈ ಸಲ ಇಟ್ಟಿಗೆನೂ ತೆಗೆಸಿಬಿಟ್ಟೆ.”

“ವಾಪಸ್ ಇಡಿಸಕ್ಕ, ಇವತ್ತೇ” ಅಂದೆ.

“ಹೋಗೇ, ನಿನ್ನ ಲೆಕ್ಕದ ಮೇಲೆ ನಿಂಗೇ ನಂಬಿಕೆ ಇಲ್ವಾ?” ಅಂತ ನಕ್ಕು ಫೋನ್ ಇಟ್ಟಳು.

ಹೊರಗೆ ಮತ್ತೆ ಹನಿ ಶುರುವಾಗಿದೆ. ನಿನ್ನೆ ಒಗೆದು ಮನೆಯೊಳಗೆ ಹರವಿದ ಬಟ್ಟೆಯೇ ಇನ್ನೂ ಆರಿಲ್ಲ, ಇನ್ನು ಆ ಮಣ್ಣು…