ಮೂವತ್ತನೆಯ ವರ್ಷದ ಪದಕ

ಟಿರೋಲ್, ಆಸ್ಟ್ರಿಯಾ, ೧೨ ಮೇ ೨೦೨೦

ಬಿರ್ಗಿಟ್ಟೆ ಅವರಿಗೆ ನಮಸ್ಕಾರ.

ನಿಮ್ಮ ಯಜಮಾನರ ಕೊನೆಯ ಸುಖದ ವಾರ ನಮ್ಮ ವಸತಿಗೃಹದಲ್ಲಿ ಕಳೆಯಿತೆಂದು ನನಗೆ ಕೃತಜ್ಞತೆ ಬರೆದಿದ್ದೀರಿ. ಅದಕ್ಕೆ ನಾನು ಯೋಗ್ಯಳಲ್ಲ.

ಮಾರ್ಚಿನಲ್ಲಿ ಅವರು ಫೋನ್ ಮಾಡಿ, "ಅಲ್ಲೂ ಕೊರೋನಾ ಬಂದಿದೆಯಂತಲ್ಲ, ಈ ಸಲ ಬಿಟ್ಟುಬಿಡ್ಲಾ?" ಎಂದಿದ್ದರು.

"ಅಯ್ಯೋ, ಬರೀ ನೆಗಡಿ! ಇಪ್ಪತ್ತೊಂಬತ್ತು ವರ್ಷ ತಪ್ಪದೆ ಬಂದೋರು ಈಗ ಹೆದರ್ಕೊಂಡ್ರೆ, ಮೂವತ್ತನೇ ವರ್ಷದ ಪದಕ ಯಾರಿಗೆ ಹಾಕ್ಲಿ?" ಎಂದು ಹಂಗಿಸಿದೆ.

ನಮ್ಮ ಅಡುಗೆಯವಳು ಜ್ವರದಿಂದ ಮಲಗಿ ಆಗಲೇ ಮೂರು ದಿನವಾಗಿತ್ತು. ಕೋಣೆ ಖಾಲಿ ಉಳಿಯಬಾರದೆಂದು ಬಾಯಿ ಬಿಡಲಿಲ್ಲ.

ಊರು ಮುಚ್ಚಿದ ದಿನ ಅವರು ಅವಸರದಲ್ಲಿ ಬಿಟ್ಟುಹೋದ, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳು ನಮ್ಮ ನೆಲಮಾಳಿಗೆಯಲ್ಲಿವೆ. ಮೇಣ ಹಚ್ಚಿಟ್ಟಿದ್ದೇನೆ, ಗಡಿ ತೆರೆದ ಮೇಲೆ ಕಳಿಸಲೇ?

ಖಾಯಂ ಅತಿಥಿಯೆಂದು ನಾನು ಅವರ ಕೊರಳಿಗೆ ಹಾಕಿದ ಪದಕವನ್ನು ಅವರೊಂದಿಗೆ ಮಣ್ಣು ಮಾಡಿರದಿದ್ದರೆ, ದಯವಿಟ್ಟು ನನಗೆ ವಾಪಸು ಕಳಿಸಿ. ಅದು ನಿಮ್ಮ ಮನೆಯಲ್ಲಿರಬಾರದು.

ತಲೆ ತಗ್ಗಿಸಿ,
ವಾಲ್‌ಬುರ್ಗಾ