ಇಗುಚಿ ಅಣ್ಣನ ಗಂಟೆ

ಅಕ್ಟೋಬರ್ 18, ಸಂಜೆ

ಬೂಟು ತೊಳೆದು ಒಲೆಯ ಪಕ್ಕ ಇಟ್ಟೆ. ನಾಳೆಗೆ ಅಕ್ಕಿ ನೆನೆಹಾಕಿದೆ. ಇವತ್ತು ಘಟ್ಟ ದಾಟಿಸಿದ ತಂಡ ಆರು ಜನ, ಎಲ್ಲ ರಿಟೈರ್ ಆದವರು, ಕಾಲು ಗಟ್ಟಿ. ಘಟ್ಟದ ಮೇಲೆ ಮೇಪಲ್ ಇನ್ನೂ ಅರ್ಧ ಕೆಂಪು. ಫೋಟೋ ತೆಗೆದೂ ತೆಗೆದೂ ನನ್ನ ಪ್ರಾಣ ತಿಂದರು.

ಇಳಿಯುವಾಗ ಅನ್ನಿಸಿತು — ಗಂಟೆ ಕೇಳುತ್ತಿಲ್ಲವಲ್ಲ? ತಿರುಗಿ ನೋಡಿದೆ. ಇಗುಚಿ ಅಣ್ಣ ಎಲ್ಲರ ಹಿಂದೆ ಬರುತ್ತಿದ್ದಾನೆ, ಸೊಂಟದ ಗಂಟೆ ಕುಣಿಯುತ್ತಿದೆ. ಕುಣಿಯುವುದು ಕಾಣಿಸುತ್ತಿದೆ. ಅಷ್ಟೇ.

ಹತ್ತೊಂಬತ್ತು ವರ್ಷದಿಂದ ನಾನು ಮುಂದೆ, ಅವನು ಕೊನೆಯಲ್ಲಿ. ಆ ಹಿತ್ತಾಳೆ ಗಂಟೆ ಕರಡಿಗೆ ಎಚ್ಚರಿಕೆ, ನನಗೆ ಲೆಕ್ಕ. ಕೇಳುತ್ತಿದ್ದರೆ ಎಲ್ಲರೂ ಬರುತ್ತಿದ್ದಾರೆ ಎಂದರ್ಥ. ನಿಂತರೆ ನಾನೂ ನಿಲ್ಲಬೇಕು.

ಗಾಳಿ ಇತ್ತು. ಗಾಳಿಯೇ ಇರಬೇಕು.

ಅಕ್ಟೋಬರ್ 21

ಗಾಳಿಯಲ್ಲ. ಬಸ್ಸು ಹತ್ತಿ ಪಟ್ಟಣಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಬೇಕಂತೆ. ಮೊದಮೊದಲು ಒತ್ತಿದೆ. ಆಮೇಲೆ ಕೂತೇ ಕೂತೆ.

“ಮುಂದಿಂದು ಶುರು ಮಾಡ್ತೀರಾ ಡಾಕ್ಟ್ರೇ?”

“ಮುಗೀತಲ್ಲಮ್ಮ.”

ಮಾತು ಕೇಳುತ್ತದಂತೆ. ಹಕ್ಕಿ, ಗಂಟೆ, ಸೀಟಿ — ಅಂಥ ಸಣ್ಣ, ಏರು ದನಿ ಹೋಗಿದೆಯಂತೆ. ಹೋದದ್ದು ಬರುವುದಿಲ್ಲ. ಯಂತ್ರ ಹಾಕಿಕೊಳ್ಳಬಹುದು, ಆದರೆ ಕಾಡಿನಲ್ಲಿ ನಂಬುವ ಹಾಗಿಲ್ಲ.

ಅರವತ್ತೊಂದು ವಯಸ್ಸು. ಈ ದಾರಿ ಬಿಟ್ಟರೆ ಏನು ಗೊತ್ತಿದೆ ನನಗೆ? ಭಯವಾಗುತ್ತಿದೆ. ಬರೆಯದೆ ಯಾರಿಗೆ ಹೇಳಲಿ.

ಅಕ್ಟೋಬರ್ 24

ಗೈಡ್‌ಗಳ ಆಫೀಸಿನಿಂದ ಆರೋಗ್ಯದ ಫಾರಂ ಬಂತು. ಕಣ್ಣು, ಮಂಡಿ, ಕಿವಿ — ಎದುರಿಗೆ ಒಂದೊಂದು ಚೌಕ. ಮೂರಕ್ಕೂ ‘ತೊಂದರೆ ಇಲ್ಲ’ ಎಂದು ಗುರುತು ಹಾಕಿದೆ. ಮೂರನೆಯದು ವಕ್ರ ಬಂತು.

ಸೀಸನ್ ಮುಗಿಯಲು ಇನ್ನು ಮೂರು ವಾರ. ಆಗಾಗ ತಿರುಗಿ ನೋಡಿದರಾಯಿತು. ಕಣ್ಣಿದೆಯಲ್ಲ.

ಅಕ್ಟೋಬರ್ 29

ಘಟ್ಟದ ಕೆಳಗಿನ ಚಹಾ ಮನೆಯ ಹಿಂದೆ ಕಾಕಿ ಹಣ್ಣಿನ ಮರವನ್ನು ಕರಡಿ ಹತ್ತಿದೆ. ಕೊಂಬೆ ಮುರಿದಿದೆ, ತೊಗಟೆಯ ಮೇಲೆ ಉಗುರಿನ ಗೀರು. ಚಹಾ ಮನೆಯ ತಾಮಾರು ಅಜ್ಜಿ ನಗುತ್ತಾಳೆ. “ಗಿರಾಕಿನೇ ಅದೂ. ದುಡ್ಡು ಮಾತ್ರ ಕೊಡಲ್ಲ.” ನನಗೆ ನಗು ಬರಲಿಲ್ಲ.

ತಂಡ ಬಸ್ಸು ಹತ್ತಿದ ಮೇಲೆ ಇಗುಚಿ ಅಣ್ಣ ಪಕ್ಕ ಬಂದು ಕೂತ. ಎಪ್ಪತ್ತೆರಡಾದರೂ ಮೊದಲು ಇದ್ದಿಲು ಸುಡುತ್ತಿದ್ದ ಮೈ, ಬೆನ್ನು ನೆಟ್ಟಗಿದೆ. ಅವನು ಪಕ್ಕ ಕೂತರೆ ತಮಾಷೆ ಇರುತ್ತದೆ. ಇವತ್ತು ಇರಲಿಲ್ಲ.

“ಸೆತ್ಸು, ಇವತ್ತು ಎರಡು ಸಲ ಗಂಟೆ ಕೈಯಲ್ಲಿ ಹಿಡ್ಕೊಂಡು ನಿಂತೆ. ನೀನು ತಿರುಗ್ಲೇ ಇಲ್ಲ.”

“ಯಾರೋ ಮಾತಾಡಿಸ್ತಿದ್ರು.”

“ಯಾರೂ ಮಾತಾಡಿಸ್ತಿರ್ಲಿಲ್ಲ.”

ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

“ನೋಡು ತಂಗಿ, ಆಫೀಸಿಗೆ ನೀನೇ ಹೇಳು. ಹತ್ತನೇ ತಾರೀಕಿನವರೆಗೆ ನಾನು ಬಾಯಿ ಬಿಡಲ್ಲ. ಆಮೇಲೆ ಬಿಡ್ತೀನಿ. ಹಿಂದೆ ಬರೋರ ಜೀವ ಇದು, ನಿನ್ನ ಮರ್ಯಾದೆ ಅಲ್ಲ.”

“ಹೇಳ್ಕೋ ಹೋಗಣ್ಣ,” ಎಂದೆ. ಹಾಗೆ ಹೇಳಬಾರದಿತ್ತು. ಅವನು ಚಹಾ ಪೂರ್ತಿ ಕುಡಿಯದೆ ಎದ್ದು ಹೋದ.

ನವೆಂಬರ್ 4, ಸಂಜೆ 5.20. ಚಹಾ ಮನೆ.

ಸರಿಯಾಗಿ ಬರೆಯಬೇಕು. ಆದದ್ದು ಆದ ಹಾಗೆ.

ಎಂಟು ಜನರ ತಂಡ. ಬೆಳಿಗ್ಗೆ ಯಾವಾಗಲೂ ಮಾಡುವ ಭಾಷಣವನ್ನೇ ಮಾಡಿದೆ. “ಕೊನೇಲಿ ಬರೋ ಇಗುಚಿ ಅವ್ರ ಗಂಟೆ ನಿಂತ್ರೆ ನಂಗೆ ಗೊತ್ತಾಗುತ್ತೆ. ನೀವು ನಿಶ್ಚಿಂತೆಯಿಂದ ನಡೀರಿ.” ಇಗುಚಿ ಅಣ್ಣ ನೆಲ ನೋಡುತ್ತಿದ್ದ. ಒಂದು ವಾರದಿಂದ ನಾವು ಸರಿಯಾಗಿ ಮಾತಾಡಿಲ್ಲ.

ಘಟ್ಟದ ತುದಿಯಲ್ಲಿ ಕುದುರೆ ದೇವರ ಕಲ್ಲು. ಹಿಂದೆ ಹೇರು ಹೊತ್ತು ಸತ್ತ ಕುದುರೆಗಳಿಗೆ ನಿಲ್ಲಿಸಿದ್ದು. ಅವುಗಳ ಮರ್ಯಾದೆಗೆ ಅಲ್ಲಿ ಎಲ್ಲರೂ ತಂತಮ್ಮ ಸೊಂಟದ ಕರಡಿ ಗಂಟೆಗೆ ಬಟ್ಟೆ ಸುತ್ತುತ್ತೇವೆ. ಅಲ್ಲಿಂದ ದೊಡ್ಡ ದೇವದಾರಿನ ತಿರುವಿನವರೆಗೆ ಮಾತಿಲ್ಲ, ಗಂಟೆಯಿಲ್ಲ. ತಿರುವಿನಲ್ಲಿ ಬಟ್ಟೆ ಬಿಚ್ಚುವುದು. ಅಲ್ಲಿ ನಿಂತು, ಕೊನೆಯಲ್ಲಿರುವ ಅಣ್ಣನ ಗಂಟೆ ಕೇಳಿದ ಮೇಲೆ ಮುಂದೆ ಹೋಗುವುದು ನನ್ನ ಕೆಲಸ.

ನಿಂತೆ. ತಿರುಗಿ ನೋಡಲಿಲ್ಲ. ಅವನ ಮುಖ ನೋಡಲು ಮನಸ್ಸಿರಲಿಲ್ಲ. ಕೇಳಿಸಿದವಳ ಹಾಗೆ ತಲೆಯಾಡಿಸಿ ನಡೆದೆ.

2.40ಕ್ಕೆ ತಾಮಾರು ಅಜ್ಜಿ ಹತ್ತು ಲೋಟ ಚಹಾ ಸುರಿದಳು. ಒಂದು ಉಳಿಯಿತು.

ತಂಡದಲ್ಲಿ ಕೊನೆಗೆ, ಅಣ್ಣನ ಮುಂದೆ ನಡೆಯುತ್ತಿದ್ದವರು ಹಿರುಕಾವಾ, ಮೆತ್ತಗಿನ ಮನುಷ್ಯ. “ಕಲ್ಲಿನ ಹತ್ರ ಇದ್ರು. ಆಮೇಲೆ ಕಾಣಿಸ್ಲಿಲ್ಲ. ಒಂದಕ್ಕೆ ಹೋಗಿರ್ಬೇಕು ಅಂದ್ಕೊಂಡೆ. ಕೂಗೋಣ ಅನ್ನಿಸ್ತು... ನಿಮ್ಗೆ ಯಾಕೆ ತೊಂದ್ರೆ ಅಂತ ಬಿಟ್ಟೆ. ಗಂಟೆ ನಿಂತ್ರೆ ಗೊತ್ತಾಗುತ್ತೆ ಅಂತ ನೀವೇ ಅಂದಿದ್ರಲ್ಲ ಅಮ್ಮಾ.”

ಓಡಿದೆ. ತಿರುವಿನವರೆಗೆ ಹೋಗಿ ಕೂಗಿದೆ. ಅವನು ಉತ್ತರ ಕೊಟ್ಟಿದ್ದರೂ ನನಗೆ ಕೇಳಿಸುತ್ತಿತ್ತೋ ಇಲ್ಲವೋ. ಮಂಜು ಇಳಿಯುತ್ತಿತ್ತು. ವಾಪಸು ಬಂದೆ.

ಠಾಣೆಯ ಸಾಹೇಬರು ಬಂದರು. ನಕ್ಷೆ ಹರಡಿದರು. “ಗಂಟೆ ಕೊನೇ ಸಲ ಎಲ್ಲಿ ಕೇಳಿಸ್ತು?”

ಎಂಟೂ ಜನ ನನ್ನನ್ನೇ ನೋಡುತ್ತಿದ್ದರು. ಆಫೀಸಿನ ಕುವಾನೊ ಕೂಡ ಬಂದಿದ್ದಳು.

“ನೀರಿನ ಗಿರಣಿ ಹತ್ರ,” ಎಂದೆ.

ಗಿರಣಿ ಇರುವುದು ತಿರುವಿನ ಕೆಳಗೆ ಎರಡು ಕಿಲೋಮೀಟರ್. ಯಾಕೆ ಹಾಗೆಂದೆನೋ. ಬಾಯಿಗೆ ಬಂತು. ಈಗ ಹನ್ನೆರಡು ಜನ ಗಿರಣಿಯ ಕೆಳಗಿನ ಹೊಳೆಯಲ್ಲಿ ಹುಡುಕುತ್ತಿದ್ದಾರೆ. ಅವನು ಅಲ್ಲಿಲ್ಲ. ಅಲ್ಲಿಲ್ಲ ಎಂದು ನನಗೊಬ್ಬಳಿಗೇ ಗೊತ್ತು.

ಇನ್ನೊಂದು ಬರೆಯಬೇಕು. ಅವನು ಸಿಗದಿದ್ದರೆ ಕಿವಿಯ ವಿಷಯ ಯಾರಿಗೂ ತಿಳಿಯುವುದಿಲ್ಲ — ಈ ಯೋಚನೆ ಬಂತು. ನನ್ನ ತಲೆಗೇ ಬಂತು. ಇಗುಚಿ ಅಣ್ಣನ ಬಗ್ಗೆ. ನನಗೆ ನನ್ನ ಮೇಲೆಯೇ ಹೆದರಿಕೆಯಾಗುತ್ತಿದೆ.

ನವೆಂಬರ್ 5, ಬೆಳಿಗ್ಗೆ 5.10

ಹೇಳಿದೆ.

ಹೊರಗೆ ಬಟ್ಟಲಿನ ನೀರು ಹೆಪ್ಪುಗಟ್ಟಿತ್ತು. ಅದನ್ನು ನೋಡಿದೆ, ಹೋಗಿ ಹೇಳಿದೆ. ಸಾಹೇಬರು ಜೀಪಿನ ಪಕ್ಕ ನಿಂತು ಅನ್ನದುಂಡೆ ತಿನ್ನುತ್ತಿದ್ದರು.

“ನಂಗೆ ಗಂಟೆ ಕೇಳಲ್ಲ ಸಾರ್.”

“ನಿನ್ನೆ ಕೇಳಿಸ್ಲಿಲ್ವಾ?”

“ನಿನ್ನೆ ಅಲ್ಲ. ಎರಡು ವಾರಕ್ಕೂ ಮುಂಚಿಂದ. ಗಿರಣಿ ಹತ್ರ ಅಂದಿದ್ದು ಸುಳ್ಳು. ಕಲ್ಲಿನ ಹತ್ರಾನೇ ಉಳಿದಿರ್ಬೇಕು. ಗಂಟೆಗೆ ಬಟ್ಟೆ ಸುತ್ತಿರುತ್ತೆ.”

ಅವರು ಉಂಡೆಯನ್ನು ಎಲೆಯಲ್ಲಿ ಮಡಚಿಟ್ಟರು. ನಿಧಾನಕ್ಕೆ ಮಡಚಿದರು.

“ನಮ್ಮ ಹುಡುಗ್ರು ಸೊಂಟದ ತನಕ ನೀರಲ್ಲಿ ಇಳಿದಿದ್ರಮ್ಮ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕುವಾನೊ ನನ್ನ ಮುಖ ನೋಡಲಿಲ್ಲ. ನೋಡದಿರುವುದೇ ಸರಿ.

ಎಲ್ಲರೂ ಮೇಲಕ್ಕೆ ಹೊರಟಿದ್ದಾರೆ. ಎಲ್ಲರ ಗಂಟೆಗೂ ಬಟ್ಟೆ. ಇಗುಚಿ ಅಣ್ಣ ಬಟ್ಟೆ ಬಿಚ್ಚಿ ಬಾರಿಸಿದರೆ ಅದೊಂದೇ ಕೇಳಬೇಕಂತೆ. “ಕರಡಿ ಎದುರು ಬಂದ್ರೆ?” ಎಂದು ಒಬ್ಬ ಕೇಳಿದ. “ಬಂದ್ರೆ ಬರ್ಲಿ,” ಎಂದರು ಸಾಹೇಬರು. ಇದೂ ನನ್ನಿಂದಲೇ.

ಬರಬೇಡಿ ಎಂದರು. ಅವನು ಎಲ್ಲಿ ನಿಲ್ಲುತ್ತಾನೆಂದು ನನಗಲ್ಲದೆ ಯಾರಿಗೆ ಗೊತ್ತು? ಬೂಟು ಕಟ್ಟಿದೆ. ಮೊದಲ ಸಲ ಕೊನೆಯಲ್ಲಿ ನಡೆಯುತ್ತೇನೆ.

7.35. ಕುದುರೆ ದೇವರ ಕಲ್ಲು.

ಮಂಜು. ಮಂಡಿಯ ಮೇಲೆ ಪುಸ್ತಕ. ಕಲ್ಲಿನ ಎಡಕ್ಕೆ ಮಣ್ಣು ಕುಸಿದಿದೆ, ಹೊಸದು. ಬೇರಿಗೆ ಸಿಕ್ಕಿಕೊಂಡು ಅವನ ಟೊಪ್ಪಿ. ಕೆಳಗೆ ಏನೂ ಕಾಣದು. ಇಬ್ಬರು ಹಗ್ಗ ಬಿಡುತ್ತಿದ್ದಾರೆ, ಯಾವ ಕಡೆಗೆ ಎಂದು ತಿಳಿಯದೆ.

ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಒಂದು ನಿಮಿಷ ಎಲ್ಲರೂ ಅಲುಗಾಡದೆ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ, ಕದ್ದವಳ ಹಾಗೆ. ಕೇಳಲು ನನಗೇನಿದೆ. ಅವರ ಮುಖ ನೋಡುತ್ತೇನೆ. ಮೂರು ಸಲ ಆಯಿತು. ಮುಖಗಳಲ್ಲಿ ಏನೂ ಇಲ್ಲ.

ಹಿರುಕಾವಾ ಕೂಡ ಬಂದಿದ್ದಾರೆ. ಊರಿಗೆ ಹೋಗಲಿಲ್ಲವಂತೆ. “ನಾನು ಕೂಗ್ಬೇಕಿತ್ತು,” ಎಂದು ಹೇಳಿದ್ದನ್ನೇ ಹೇಳುತ್ತಿದ್ದಾರೆ. ತಪ್ಪು ನಿಮ್ಮದಲ್ಲ ಎಂದೆ. ಕಿವಿಯ ವಿಷಯವನ್ನೂ ಹೇಳಿದೆ. ಅವರು ನನ್ನ ಪಕ್ಕ ಬಂದು ನಿಂತರು.

ಅಣ್ಣ, ನೀನು ಆಫೀಸಿಗೆ ಹೇಳಬೇಕಾಗಿಲ್ಲ. ಹೇಳಿಯಾಯಿತು. ಬಟ್ಟೆ ಬಿಚ್ಚು. ಅಷ್ಟು ಮಾಡು.

ಮತ್ತೆ ಸೀಟಿ. ಸಾಹೇಬರ ಕೆನ್ನೆ ಉಬ್ಬಿದ್ದು ಕಂಡಿತು. ಎಲ್ಲರೂ ನಿಂತರು. ಬರೆಯುತ್ತಲೇ ಇದ್ದೇನೆ, ನಿಲ್ಲಿಸಿದರೆ ಕೂಗಿಬಿಡುತ್ತೇನೆ.

ಸಾಹೇಬರು ಕೈ ಎತ್ತಿದರು. ಹಗ್ಗದವನು ಕತ್ತು ತಿರುಗಿಸಿದ. ಈಗ ಕುವಾನೊ. ಎಲ್ಲ ಮುಖಗಳೂ ಎಡಕ್ಕೆ, ಕೆಳಕ್ಕೆ, ಒಂದೇ ಕಡೆಗೆ. ನನಗೆ ಏನೂ ಇಲ್ಲ. ಹಿರುಕಾವಾ ನನ್ನ ತೋಳು ಹಿಡಿದಿದ್ದಾರೆ, ಅಳುತ್ತಿದ್ದಾರೆ, ನನ್ನ ತೋಳಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಿದ್ದಾರೆ — ಟಣ್, ಟಣ್, ನಿಂತಿತು, ಮತ್ತೆ ಟಣ್ —

ಎಲ್ಲರೂ ಇಳಿಯುತ್ತಿದ್ದಾರೆ. ನಾನೂ